ಮಾತ್ರೆ ಯಾಕೆ ಉಳಿಯಿತು?

ತೀರ್ಥಹಳ್ಳಿಯಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ. ಅಂಗಡಿಗೆ ಬರುವವರಿಗೆ ಕೊಡುವಷ್ಟೇ ಮಾತ್ರೆ ಬಸ್ಸಿನಲ್ಲೂ ಹೋಗುತ್ತದೆ. ಬೆಂಗಳೂರಿನಿಂದ ಮಗನೋ ಮಗಳೋ ಫೋನ್‌ಪೇ ಮಾಡುತ್ತಾರೆ. ನಾನು ಕವರಿನ ಮೇಲೆ ದೊಡ್ಡದಾಗಿ ಹೆಸರು ಬರೆದು, ಆಗುಂಬೆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಅವರು ಊರಿನ ಸ್ಟಾಪಿನಲ್ಲಿ ಕೊಟ್ಟು ಹೋಗುತ್ತಾರೆ. ತಿಂಗಳು ತಿಂಗಳೂ ಇದೇ ಕೆಲಸ ಆದ್ದರಿಂದ, ಯಾರ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಅನ್ನುವುದು ಚೀಟಿ ನೋಡಿದರೇ ತಿಳಿಯುತ್ತದೆ.

ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳಲ್ಲಿ ಲೆಕ್ಕ ಪಕ್ಕಾ. ಅವರ ಮಾತ್ರೆ ಇವರಿಗೆ ನೆನಪು, ಇವರದ್ದು ಅವರಿಗೆ. ಒಬ್ಬರು ಹೋದ ಮೇಲೆ ನನಗೆ ಭಯ ಶುರುವಾಗುತ್ತದೆ. ಕಾರ್ಯ ಮುಗಿಸಿ ಮಕ್ಕಳು ಹೊರಡುತ್ತಾರೆ. ಆಮೇಲೆ ಮಾತ್ರೆ ಉಳಿಯತೊಡಗುತ್ತದೆ.

ಆಗುಂಬೆ ರಸ್ತೆಯ ಕಡೆಯ ಒಬ್ಬ ಅಜ್ಜಿಯ ಮಗ ಫೋನ್ ಮಾಡಿದ್ದರು. "ಅಮ್ಮ ಮಾತ್ರೆ ಮರೀತಾರೆ ಅಕ್ಕ, ನೀವಾದ್ರೂ ಹೇಳಿ" ಅಂದರು. ಅಜ್ಜಿ ಪೇಟೆಗೆ ಬಂದಾಗ ಚೀಲದಿಂದ ಎಲ್ಲ ಮಾತ್ರೆ ತೆಗೆಸಿದೆ. ಬಿಪಿ ಮಾತ್ರೆ ಸರಿಯಾಗಿ ಖಾಲಿ. ಥೈರಾಯ್ಡಿಂದೂ ಖಾಲಿ. ಶುಗರ್‌ದು ಮಾತ್ರ ಹಾಗೇ ಇತ್ತು. ಮರೆವು ಇದ್ದಿದ್ದರೆ ಎಲ್ಲವೂ ಉಳಿಯಬೇಕಿತ್ತು, ಅಲ್ವಾ? ಕೇಳಿದೆ.

"ಒಬ್ಳಿಗೆ ಎಂತ ಅಡುಗೆ ಮಾಡೂದು ಮಾರಾಯ್ತಿ? ಬೆಳಿಗ್ಗೆ ಮಾಡಿದ ಅನ್ನಕ್ಕೆ ಮಜ್ಜಿಗೆ ಹಾಕ್ಕೊಳ್ತೆ. ರಾತ್ರಿ ಕೆಲವು ದಿನ ಅದೂ ಇಲ್ಲ. ಆ ಮಾತ್ರೆ ನುಂಗಿದ್ರೆ ಕೈ ನಡುಗ್ತದೆ, ಮೈಯೆಲ್ಲ ಬೆವರ್ತದೆ. ಅದಕ್ಕೇ ಬಿಟ್ಟೆ."

ಅದು ಗ್ಲಿಮೆಪಿರೈಡ್ ಇರುವ ಮಾತ್ರೆ. ಊಟ ಮಾಡಲಿ ಬಿಡಲಿ, ಅದು ಶುಗರ್ ಇಳಿಸುತ್ತದೆ. ವಯಸ್ಸಾಗಿ ಕಿಡ್ನಿಯ ಕೆಲಸ ಕಡಿಮೆಯಾದವರಲ್ಲಿ ಶುಗರ್ ತೀರಾ ಇಳಿಯುವ ಅಪಾಯ ಇನ್ನೂ ಜಾಸ್ತಿ. ನಡುಕ, ಬೆವರು, ಗಲಿಬಿಲಿ ಎಲ್ಲ ಅದರ ಲಕ್ಷಣವೇ. ರಾತ್ರಿ ಬಚ್ಚಲಿಗೆ ಹೋಗುವಾಗ ಹಾಗಾಗಿ ಬಿದ್ದರೆ ಎತ್ತುವವರು ಯಾರು? ಅಜ್ಜಿಯನ್ನು ಅಲ್ಲಿಂದಲೇ ಡಾಕ್ಟರ ಹತ್ತಿರ ಕಳಿಸಿದೆ. ಅವರು ಮಾತ್ರೆ ಬದಲಾಯಿಸಿದರು. ನನಗೆ ಅದಕ್ಕಿಂತ ಸಮಾಧಾನ ಆಗಿದ್ದು ಇನ್ನೊಂದಕ್ಕೆ. ಈಗ ಪಕ್ಕದ ಮನೆಯವರು ರಾತ್ರಿ ಊಟಕ್ಕೆ ಕರೆಯುತ್ತಾರೆ. ಅಜ್ಜಿ ಅವರ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾರೆ.

2017-18ರಲ್ಲಿ ದೇಶಾದ್ಯಂತ ಹಿರಿಯರ ಬಗ್ಗೆ ನಡೆದ ಲಾಸಿ ಸಮೀಕ್ಷೆಯಲ್ಲಿ, 60 ದಾಟಿದವರಲ್ಲಿ ನೂರಕ್ಕೆ ಸುಮಾರು 6 ಜನ ಒಂಟಿಯಾಗಿದ್ದಾರೆ ಅಂತ ಬಂದಿತ್ತು. ನಮ್ಮ ಕಡೆಯ ಒಂಟಿ ಮನೆಗಳನ್ನು ನೋಡಿದರೆ ನನಗೆ ಅದು ಕಡಿಮೆ ಅನ್ನಿಸುತ್ತದೆ.

ಮಕ್ಕಳ ಜೊತೆ ಬೆಂಗಳೂರಿಗೆ ಹೋದವರದ್ದು ಬೇರೆ ಕಥೆ. ವಾರದ ಡಬ್ಬಿಯಲ್ಲಿ ಮಾತ್ರೆ ಜೋಡಿಸಿಟ್ಟಿರುತ್ತಾರೆ, ಒಂದೂ ತಪ್ಪುವುದಿಲ್ಲ. ಆದರೆ ಊರಿಗೆ ಬಂದವರು ನನ್ನ ಹತ್ತಿರ ಕೇಳುವುದು ನಿದ್ದೆಗೆ ಮತ್ತು ಮಲಬದ್ಧತೆಗೆ. ದಿನಾ ತೋಟದ ಏರು ಹತ್ತಿ ಇಳಿಯುತ್ತಿದ್ದ ಕಾಲು ಸುಮ್ನೆ ಸೋಫಾ ಮೇಲೆ ಇದ್ದರೆ ಹೊಟ್ಟೆಯೂ ಓಡುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಅಡಿಕೆ ಕೊಯ್ಲಿಗೆ ಬಂದು ಒಂದಷ್ಟು ದಿನ ಉಳಿದರೆ ಅವೆರಡನ್ನೂ ಕೇಳುವುದಿಲ್ಲ. ಹಾಗಂತ ಹೋಗಲೇಬಾರದು ಅಂತ ನಾನು ಹೇಳಲಾರೆ. ಎದೆನೋವು ಬಂದರೆ ಇಲ್ಲಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್. ಮಳೆಯಲ್ಲಿ ಮರ ಬಿದ್ದರೆ ಆ ದಾರಿಯೂ ಇಲ್ಲ.

ವೃದ್ಧಾಶ್ರಮ ಅಂದ ಕೂಡಲೇ ಜನ ಛೇ ಅನ್ನುತ್ತಾರೆ. ಶಿವಮೊಗ್ಗದ ಒಂದು ಆಶ್ರಮಕ್ಕೆ ಸೇರಿದ ನಮ್ಮ ಹಳೇ ಗಿರಾಕಿಯೊಬ್ಬರು ಮೊನ್ನೆ ಬಂದಿದ್ದರು. ಕೆನ್ನೆ ತುಂಬಿಕೊಂಡಿತ್ತು. ಮೂರು ಹೊತ್ತೂ ನಾಲ್ಕು ಜನರ ಜೊತೆ ಪಂಕ್ತಿಯಲ್ಲಿ ಊಟ, ಸಂಜೆ ಇಸ್ಪೀಟು. ಅಂಥವರ ಮಕ್ಕಳನ್ನು ಬೈಯುವುದು ಅನ್ಯಾಯ.

ಎಲ್ಲೇ ಇರಲಿ, ನಾನು ಮೊದಲು ವಿಚಾರಿಸುವುದು ಅವರ ಜೊತೆ ಕೂತು ಯಾರು ಉಣ್ಣುತ್ತಾರೆ ಅಂತ. ನೀವು ಫೋನ್ ಮಾಡಿದಾಗ "ಮಾತ್ರೆ ತಗೊಂಡ್ಯಾ ಅಮ್ಮಾ" ಅಂದರೆ "ಹೂಂ" ಅಂದುಬಿಡುತ್ತಾರೆ. ಮಧ್ಯಾಹ್ನ ಎಂತ ಸಾರು, ಇವತ್ತು ಯಾರು ಬಂದಿದ್ದರು ಅಂತ ಕೇಳಿ. ಇನ್ಸುಲಿನ್ ತಗೊಳ್ಳುವವರ ಮನೆಯಲ್ಲಿ ಕರೆಂಟು ಹೋದರೆ ಗಾಬರಿ ಬೇಡ. ಬಳಸುತ್ತಿರುವ ಸೀಸೆ ನಮ್ಮ ಮಳೆಗಾಲದ ತಂಪಿನಲ್ಲಿ ಹೊರಗಿದ್ದರೂ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆ. ಇನ್ನೂ ಬಳಸಲು ಶುರುಮಾಡದ ಸೀಸೆಗಳಿಗೆ ಮಾತ್ರ ಫ್ರಿಜ್ ಬೇಕು.

ಇನ್ನೊಂದು ಮಾತು. ಬೆಂಗಳೂರಿನ ಡಾಕ್ಟರು ಬರೆದ ಟೆಲ್ಮಿಸಾರ್ಟನ್ ಅನ್ನುವ ಬಿಪಿ ಮಾತ್ರೆ ಒಂದು ಹೆಸರಿನಲ್ಲಿ, ಇಲ್ಲಿಯವರು ಬರೆದ ಅದೇ ಮಾತ್ರೆ ಇನ್ನೊಂದು ಹೆಸರಿನಲ್ಲಿ ಇರುತ್ತದೆ. ಎರಡನ್ನೂ ನುಂಗಿ, ಎದ್ದು ನಿಂತರೆ ತಲೆ ತಿರುಗುತ್ತದೆ ಅನ್ನುವವರು ಬರುತ್ತಲೇ ಇರುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಮನೆಯಲ್ಲಿರುವ ಮಾತ್ರೆ ಡಬ್ಬಿ, ಹಳೇ ಚೀಟಿ ಎಲ್ಲ ತಂದು ನಿಮ್ಮೂರಿನ ಮೆಡಿಕಲ್‌ನವರ ಎದುರು ಸುರಿಯಿರಿ. ಯಾವುದು ಎರಡೆರಡಾಗಿದೆ, ಯಾವುದು ಉಳಿದಿದೆ ಅಂತ ಬರೆಸಿಕೊಂಡು ಡಾಕ್ಟರಿಗೆ ತೋರಿಸಿ. ಅಮ್ಮನನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಯಾಕೆ ಉಳಿಯಿತು ಅಂತ ಅವರೇ ಹೇಳಲಿ.