ಮುರಿದ ಸೂಜಿಯ ಪುಸ್ತಕ

ಕಾರ್ಮಿಕರ ಸ್ಥಿತಿಗತಿಯ ತಪಾಸಣೆಗೆಂದು ನಾವು ಪೀಣ್ಯದ ಆ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟು ದಾಟಿದಾಗ ಬೆಳಿಗ್ಗೆ ಎಂಟೂವರೆ. ಒಳಗೆ ಕಾಲಿಡುತ್ತಲೇ ಎದುರಿಗೆ ಬಯರ್ ಕಂಪನಿಯ, ಅಂದರೆ ಇಲ್ಲಿ ಹೊಲಿದ ಬಟ್ಟೆ ಕೊಳ್ಳುವ ಕಂಪನಿಯ, ನೀತಿ ಫಲಕ: 'ಇಲ್ಲಿ ಬಲವಂತದ ದುಡಿಮೆಗೆ ಜಾಗವಿಲ್ಲ.' ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ಹಾಸ್ಟೆಲಿನಲ್ಲಿದ್ದ 140 ಹುಡುಗಿಯರು ಒಡಿಶಾ, ಜಾರ್ಖಂಡಿನವರು. ಅವರು ಓದಬಲ್ಲ ಭಾಷೆಯಲ್ಲಿ ಒಂದು ಸಾಲೂ ಇರಲಿಲ್ಲ.

ತಪಾಸಣೆಗೆ ಎಲ್ಲರೂ ಕೇಳುವ ಕಡತಗಳು ಮೇಜಿನ ಮೇಲೆ ಆಗಲೇ ಸಿದ್ಧವಾಗಿದ್ದವು. ವೇತನ ಪುಸ್ತಕ, ಪಂಚಿಂಗ್ ದಾಖಲೆ, ಪಿಎಫ್ ವಂತಿಗೆ ಪಟ್ಟಿ. ಇವು ಯಾವತ್ತೂ ಒಂದಕ್ಕೊಂದು ಹೊಂದುತ್ತವೆ, ಹೊಂದಿಸಿಯೇ ಇಟ್ಟಿರುತ್ತಾರೆ. ಅದಕ್ಕೇ ಮೊದಲು ಕೇಳಬೇಕಾದದ್ದು ಮುರಿದ ಸೂಜಿಯ ಪುಸ್ತಕ. ಹೊಲಿಗೆ ಸೂಜಿ ಮುರಿದರೆ ಅದರ ಚೂರು ಬಟ್ಟೆಯಲ್ಲಿ ಉಳಿಯಬಾರದು. ಹಾಗಾಗಿ ತುಂಡುಗಳನ್ನೆಲ್ಲ ಹುಡುಕಿ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ತಾರೀಕು, ಗಂಟೆ, ಮಶೀನ್ ನಂಬರು ಬರೆದು ಟೈಲರ್ ಕೈಲಿ ಸಹಿ ಹಾಕಿಸುತ್ತಾರೆ. ಗುಣಮಟ್ಟ ವಿಭಾಗದ ಈ ಪುಸ್ತಕವನ್ನು ತಿದ್ದುವ ಯೋಚನೆ ಯಾರಿಗೂ ಬರುವುದಿಲ್ಲ. ಪಂಚಿಂಗ್ ದಾಖಲೆಯಲ್ಲಿ ಭಾನುವಾರ ರಜೆ. ಸೂಜಿ ಪುಸ್ತಕದಲ್ಲಿ ಅದೇ ಭಾನುವಾರ ಸಂಜೆ 4:20ಕ್ಕೆ ಮೂರನೇ ಲೈನಿನಲ್ಲಿ ಒಂದು ಸೂಜಿ ಮುರಿದಿದೆ. ತಿಂಗಳಿಗೆ ಎರಡು ಭಾನುವಾರ, ಐದು ತಿಂಗಳಿಂದ ಹೀಗೆಯೇ. ವೇತನ ಚೀಟಿಯಲ್ಲಿ ಮಾತ್ರ ಓಟಿ ಸೊನ್ನೆ.

ಅನುಮಾನವನ್ನು ಗಟ್ಟಿಮಾಡಿಕೊಳ್ಳಲು ಒಂದು ಲೆಕ್ಕ ಸಾಕು. ಒಂದು ಲೈನಿನಲ್ಲಿ 60 ಟೈಲರ್‌ಗಳು, ತಲಾ 480 ನಿಮಿಷ, ಅಂದರೆ 28,800 ನಿಮಿಷ. ದಕ್ಷತೆ ನೂರಕ್ಕೆ 50 ಎಂದರೆ 14,400. ಒಂದು ಶರ್ಟಿಗೆ ಸ್ಯಾಮ್, ಅಂದರೆ ಅದನ್ನು ಹೊಲಿಯಲು ನಿಗದಿಪಡಿಸಿದ ಸಮಯ, 24 ನಿಮಿಷವಾದರೆ ದಿನಕ್ಕೆ 600 ಶರ್ಟು. ಅದೇ ಲೈನಿನ ಹೆಸರಿನಲ್ಲಿ ದಿನಕ್ಕೆ 700 ಶರ್ಟು ಪ್ಯಾಕಿಂಗಿಗೆ ಹೋಗಿದ್ದರೆ ಮಿಕ್ಕ ನೂರನ್ನು ಹೊಲಿದವರು ಯಾರು? ಬರೆಯದ ಓಟಿಯಾಗಿರಬೇಕು, ಇಲ್ಲವೇ ಬಯರ್‌ಗೆ ಗೊತ್ತಿಲ್ಲದ ಜಾಬ್ ವರ್ಕ್ ಘಟಕ. ಎರಡನೆಯದು ಹೆಚ್ಚು ಅಪಾಯ. ಅಂಥ ಶೆಡ್ಡುಗಳಿಗೆ ಯಾವ ನೀತಿಯೂ ತಲುಪಿರುವುದಿಲ್ಲ.

ಭಾನುವಾರದ ಕೆಲಸಕ್ಕೆ ದುಡ್ಡು ಕೊಡದಿರುವುದು ವೇತನದ ಅಪರಾಧ. ಬೇಡವೆಂದರೂ ಬಿಟ್ಟುಹೋಗಲಾಗದ ಸ್ಥಿತಿಯಿದ್ದರೆ ಅದು ಜೀತ. ಆ ಗೆರೆ ಎಲ್ಲಿದೆ ಎಂದು ತಿಳಿಯಬೇಕಾದರೆ ಸಾಲದ ಜಾಡು ಹಿಡಿಯಬೇಕು. ಅದು ಸಿಗುವುದು ಲೆಕ್ಕ ವಿಭಾಗದಲ್ಲಿ. ನಗದು ವೋಚರುಗಳಲ್ಲಿ 'ಟ್ರಾವೆಲ್ಸ್' ಎಂಬ ಖರ್ಚು ಹೊಸ ಬ್ಯಾಚ್ ಬಂದ ತಿಂಗಳಲ್ಲೆಲ್ಲ ಏರಿತ್ತು. ಊರಿನ ಏಜೆಂಟನಿಗೆ ತಲೆಗಿಷ್ಟು ಎಂದು ಕೊಟ್ಟ ಕಮಿಷನ್ ಅದು. ಗುತ್ತಿಗೆದಾರರ ಪಟ್ಟಿಯಲ್ಲಿ ಆತನ ಹೆಸರಿಲ್ಲ, ಆದ್ದರಿಂದ ಬಯರ್‌ನ ನೀತಿಯ ಕಣ್ಣಿಗೂ ಆತ ಬಿದ್ದಿಲ್ಲ.

ಮಧ್ಯಾಹ್ನ ಹುಡುಗಿಯರ ಬ್ಯಾಂಕ್ ಖಾತೆಯ ವಿವರ ನೋಡಿದೆವು. ಸಂಬಳವೇನೋ ಅವರವರ ಖಾತೆಗೇ ಬಿದ್ದಿದೆ. ಆದರೆ ಒಂದೇ ದಿನ, ಒಂದೇ ಎಟಿಎಂನಲ್ಲಿ, ಎರಡೆರಡು ನಿಮಿಷಕ್ಕೊಬ್ಬರಂತೆ ಇಪ್ಪತ್ತಾರು ಜನ ದುಡ್ಡು ತೆಗೆದಿದ್ದಾರೆ. ಕಾರ್ಡುಗಳೆಲ್ಲ ಒಬ್ಬರ ಕೈಯಲ್ಲಿದ್ದರೆ ಹೀಗಾಗುತ್ತದೆ. ವಾರ್ಡನ್ ಬೀರು ತೆಗೆದಾಗ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟು, ಅದರ ಕೆಳಗೆ ಆಧಾರ್ ಕಾರ್ಡುಗಳು. "ಕಳ್ಕೊಂಡುಬಿಡ್ತಾರೆ ಮೇಡಂ, ಅದಕ್ಕೇ ಜೋಪಾನ ಮಾಡಿಟ್ಟಿದ್ದೀನಿ" ಎಂದರು ಆಕೆ. ಗುರುತಿನ ಚೀಟಿ ಇಟ್ಟುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಸಾಲದ ಕಟ್ಟು, ಅತಿಯಾದ ಓಟಿ: ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಗೆ ಹೇಳಿರುವ 11 ಸೂಚಕಗಳಲ್ಲಿ ನಾಲ್ಕು ಆ ಒಂದೇ ಕಟ್ಟಡದಲ್ಲಿದ್ದವು.

ಮಾತಾಡಿಸುವ ರೀತಿಯಲ್ಲೇ ಹೆಚ್ಚಿನ ತಪಾಸಣೆಗಳು ಸೋಲುತ್ತವೆ. ಎಚ್‌ಆರ್ ಕೊಟ್ಟ ಪಟ್ಟಿ, ಎಚ್‌ಆರ್ ಕೊಟ್ಟ ಕೋಣೆ, ಎಚ್‌ಆರ್‌ನವರದೇ ಹಿಂದಿ. ಹೆಸರುಗಳನ್ನು ನಾವೇ ಪಂಚಿಂಗ್ ಪಟ್ಟಿಯಿಂದ ಆರಿಸಬೇಕು. ಒಡಿಯಾ ಬಲ್ಲ ಹೆಣ್ಣುಮಗಳೊಬ್ಬಳನ್ನು ನಾವೇ ಕರೆದೊಯ್ಯಬೇಕು. ಒಂದು ಸಲಕ್ಕೆ ನಾಲ್ಕೈದು ಜನರಷ್ಟೇ ಸಾಕು. 'ನಿಮ್ಮನ್ನು ಬಲವಂತವಾಗಿ ದುಡಿಸುತ್ತಾರಾ?' ಎಂದು ಕೇಳಿದರೆ ಎಲ್ಲರೂ ಇಲ್ಲವೆಂದೇ ತಲೆಯಾಡಿಸುತ್ತಾರೆ. 'ನಾಳೆ ಊರಿಗೆ ಹೊರಡಬೇಕು ಅಂದರೆ ಏನೇನು ಮಾಡಬೇಕು?' ಎಂದು ಕೇಳಬೇಕು. ಅವತ್ತು ಒಬ್ಬಳು ಥಟ್ಟನೆ ಹೇಳಿದಳು, "ಮೊದಲು ಬಾಕಿ ತೀರಿಸಬೇಕು ದೀದಿ." ರೈಲು ಟಿಕೆಟ್ಟು, ತರಬೇತಿ, ಯೂನಿಫಾರ್ಮು ಎಂದು ಅವಳ ಹೆಸರಿಗೆ ಬರೆದದ್ದು 9,000 ರೂಪಾಯಿ. 'ಇತರೆ ಕಡಿತ' ಎಂದು ತಿಂಗಳಿಗೆ 1,500ರಂತೆ ಎಂಟು ತಿಂಗಳಲ್ಲಿ ಮುರಿದುಕೊಂಡದ್ದು 12,000. ಆದರೂ ಬಾಕಿ 3,000 ಉಳಿದಿದೆಯಂತೆ.

1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಇಂಥ ಸಾಲ ತೀರಿಸುವ ಹೊಣೆಯೇ ಅಳಿದುಹೋಗುತ್ತದೆ. ಇದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಭಾರ ಸಾಲ ಕೊಟ್ಟವನ ಮೇಲಿದೆ. ಬೇರೆಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡರೂ ಅದು ಜೀತವೇ, ಸರಪಳಿ ಬೇಕಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಆದರೂ ಕಂಪನಿಗಳ ನೀತಿ ಪುಸ್ತಕಗಳು ನೋಡುವುದು ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ ಕಡೆಗೆ. 3.6 ಕೋಟಿ ಪೌಂಡ್ ವಹಿವಾಟು ದಾಟಿದ ಕಂಪನಿಗಳು ವರ್ಷಕ್ಕೊಂದು ಹೇಳಿಕೆ ಪ್ರಕಟಿಸಬೇಕು ಎನ್ನುತ್ತದೆ ಅದರ 54ನೇ ಕಲಮು. 'ನಾವು ಯಾವ ಕ್ರಮವನ್ನೂ ಕೈಗೊಂಡಿಲ್ಲ' ಎಂದು ಬರೆದರೂ ಕಾನೂನಿನ ಲೆಕ್ಕದಲ್ಲಿ ಅದು ಹೇಳಿಕೆಯೇ. ಪೀಣ್ಯದ ಹುಡುಗಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಸಂಜೆಯ ಸಭೆಯಲ್ಲಿ ಎರಡು ತಪ್ಪುಗಳು ಆಗುವುದರಲ್ಲಿದ್ದವು. "ಇವತ್ತು ರಾತ್ರಿನೇ ಎಲ್ಲರನ್ನೂ ರೈಲು ಹತ್ತಿಸ್ತೀವಿ ಸಾರ್" ಎಂದರು ಎಚ್‌ಆರ್. ಹಾಗೆ ಕಳಿಸಿದರೆ ಸಾಕ್ಷಿಯೂ ಹೋಗುತ್ತದೆ, ಬರಬೇಕಾದ ದುಡ್ಡೂ ಹೋಗುತ್ತದೆ. ಊರಿನಲ್ಲಿ ಏಜೆಂಟ್ ಮಾತ್ರ ಕಾದು ಕುಳಿತಿರುತ್ತಾನೆ. ಬಯರ್ ಕಡೆಯವರು ಆರ್ಡರನ್ನೇ ರದ್ದು ಮಾಡುವ ಮಾತಾಡಿದರು. ರದ್ದಾದರೆ ಸಂಬಳ ನಿಲ್ಲುತ್ತದೆ. ಪಕ್ಕದ ಕಾರ್ಖಾನೆ ಇದನ್ನು ಕಂಡು ತನ್ನ ಸೂಜಿ ಪುಸ್ತಕವನ್ನೂ ಬಚ್ಚಿಡಲು ಕಲಿಯುತ್ತದೆ.

ಕೊನೆಗೆ ಒಪ್ಪಂದವಾಯಿತು. ಕಾರ್ಡು, ಆಧಾರ್ ಅದೇ ರಾತ್ರಿ ಹುಡುಗಿಯರ ಕೈಗೆ, ಮರುದಿನ ಪಿನ್ ಬದಲು. ಕಡಿತ ಬಂದ್. ರಸೀದಿ ಕೇಳದೆ, ಅವರ ಮಾತನ್ನೇ ನಂಬಿ, ಮುರಿದುಕೊಂಡದ್ದೆಲ್ಲ 30 ದಿನದೊಳಗೆ ವಾಪಸು. ಭಾನುವಾರಗಳಿಗೆ ದುಪ್ಪಟ್ಟು ದರದಲ್ಲಿ ಬಾಕಿ. ಕೆಲಸ ಬಿಟ್ಟುಹೋದವರನ್ನು ಪಿಎಫ್ ದಾಖಲೆಯ ವಿಳಾಸ ಹಿಡಿದು ಹುಡುಕಿ ಅವರಿಗೂ ಪಾವತಿ. ಉಪವಿಭಾಗಾಧಿಕಾರಿಗೆ ದೂರು ಹೋಯಿತು, ಜೀತದಿಂದ ಬಿಡುಗಡೆಯಾದ ಪತ್ರ ಕೊಡುವ ಅಧಿಕಾರ ಸರ್ಕಾರದ್ದು, ಕಂಪನಿಯ ಸಮಿತಿಯದ್ದಲ್ಲ. ನಮ್ಮ ವರದಿಯಲ್ಲಿ ಹುಡುಗಿಯರ ಹೆಸರೂ ಇರಲಿಲ್ಲ, ಟೋಕನ್ ನಂಬರೂ ಇರಲಿಲ್ಲ. ಇನ್ನೊಂದು ಅಂಶವನ್ನು ಬಯರ್ ಒಪ್ಪಿಕೊಳ್ಳಲು ತಾಸು ಹಿಡಿಯಿತು. ಅವರು ಸೂಚಿಸಿದ ಗಿರಣಿಯಿಂದ ಬಟ್ಟೆ ಹನ್ನೊಂದು ದಿನ ತಡವಾಗಿ ಬಂದರೂ ಹಡಗಿನ ತಾರೀಕು ಒಂದು ದಿನವೂ ಮುಂದೆ ಹೋಗಿರಲಿಲ್ಲ. ಭಾನುವಾರಗಳು ಹುಟ್ಟಿದ್ದೇ ಅಲ್ಲಿ. ಮುಂದಿನ ಆರ್ಡರಿನಲ್ಲಿ ಬಟ್ಟೆ ಎಷ್ಟು ದಿನ ತಡವೋ ತಾರೀಕೂ ಅಷ್ಟೇ ದಿನ ಮುಂದಕ್ಕೆ ಎಂದು ಬರೆಸಿಕೊಂಡೆವು.

ಮೂರು ತಿಂಗಳ ನಂತರ, ಸಂಬಳದ ಮರುದಿನ, ಮತ್ತೆ ಹೋದೆವು. ಎಟಿಎಂ ಸಮಯಗಳು ಚದುರಿದ್ದವು. ಒಬ್ಬಳು ಬೆಳಿಗ್ಗೆ, ಒಬ್ಬಳು ಎರಡು ದಿನ ಬಿಟ್ಟು, ಕೆಲವರು ತೆಗೆದೇ ಇಲ್ಲ. ಸೂಜಿ ಪುಸ್ತಕದಲ್ಲಿ ಭಾನುವಾರಗಳು ಖಾಲಿ. ನಗದು ವೋಚರುಗಳ ಕಟ್ಟಿನಲ್ಲಿ ಮಾತ್ರ ಬೇರೊಂದು ಟ್ರಾವೆಲ್ಸಿನ ಹೆಸರು ಹೊಸದಾಗಿ ಕಂಡಿತು, ಹದಿನೆಂಟು ಜನರ ಬ್ಯಾಚ್ ಬಂದ ವಾರದ್ದೇ. ಅದರ ಫೋಟೊ ತೆಗೆದುಕೊಂಡು, ಆ ಹದಿನೆಂಟು ಜನ ಯಾವ ಕೋಣೆಯಲ್ಲಿದ್ದಾರೆಂದು ಕೇಳುತ್ತ ಹಾಸ್ಟೆಲಿನ ಮೆಟ್ಟಿಲು ಹತ್ತಿದೆವು.