ಲಾನ್ ತೆಗೆದ ಜಾಗದಲ್ಲಿ ಈಗ ಏನೇನಿದೆ

ಕಾಸರಗೋಡಿನ ಬಾಯಾರಿನಲ್ಲಿರುವ ನಮ್ಮ ಮನೆಯ ಬದಿಯಲ್ಲಿದ್ದ ಮೆಕ್ಸಿಕನ್ ಹುಲ್ಲು ಪೂರ್ತಿ ಹೋಯಿತು. ಅಲ್ಲೀಗ ಪಿಂಟೋ ಬಳ್ಳಿ, ಗರಿಕೆ, ಒಂದೆಲಗ ಇವೆ. ಫೆಬ್ರವರಿ ಬಿಸಿಲಿಗೆ ಹೇಗಿವೆ ಎಂದು ಬರೆದಿಡುತ್ತೇನೆ.

ಲಾನ್ ತೆಗೆಯಲು ಕಾರಣ ನೀರು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೆ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ನಮ್ಮದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು, ಏಪ್ರಿಲ್‌ನಲ್ಲಿ ಸಣ್ಣಗೆ ಹರಿಯುತ್ತದೆ. ಅಡಿಕೆ ಸಸಿಗೇ ಸಾಲದ ನೀರನ್ನು ದಿನಾ ಹುಲ್ಲಿಗೆ ಬಿಡಲು ನನಗೆ ಮನಸ್ಸು ಬರಲಿಲ್ಲ.

ಮೇ ತಿಂಗಳಲ್ಲಿ ಲಾನ್ ಮೇಲೆ ಅಡಿಕೆ ಹಾಳೆ, ಅದರ ಮೇಲೆ ಸೋಗೆ ದಪ್ಪಕ್ಕೆ ಮುಚ್ಚಿದೆ. ಬೆಳಕಿಲ್ಲದೆ ಹುಲ್ಲು ಸೊರಗಿತು. ಉಳಿದ ಬೇರನ್ನು ಮೊದಲ ಮಳೆಗೆ ಮಣ್ಣು ಮೆತ್ತಗಾದಾಗ ಕಿತ್ತು, ಹಟ್ಟಿಗೊಬ್ಬರ ಹರಡಿದೆ.

ನೆರಳು ಬಿಸಿಲು ಎರಡೂ ಇರುವ ಇಳಿಜಾರಿಗೆ ಪಿಂಟೋ ಹಾಕಿದೆ. ಇದು ನೆಲಗಡಲೆಯ ಹತ್ತಿರದ ನೆಂಟ, ಮೂಲ ಬ್ರೆಜಿಲ್. 1954ರಲ್ಲಿ ಇದನ್ನು ಅಲ್ಲಿ ಮೊದಲು ಸಂಗ್ರಹಿಸಿದ ಪಿಂಟೋ ಎಂಬವರ ಹೆಸರೇ ಗಿಡಕ್ಕೂ ಬಂತು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ, ಹಾಗಾಗಿ ಯೂರಿಯಾ ಬೇಡ. ಗೇಣುದ್ದದ ತುಂಡುಗಳನ್ನು ಗೇಣು ಅಂತರದಲ್ಲಿ ಜೂನ್ ಮಳೆಗೇ ಊರಿದೆ. ಶುರುವಿನಲ್ಲಿ ಕಳೆ ಕೀಳುವ ಕೆಲಸ ನಿಜಕ್ಕೂ ಜಾಸ್ತಿ. ಅದನ್ನು ತಪ್ಪಿಸಲು ಆಗುವುದಿಲ್ಲ. ಬಳ್ಳಿ ಬಳ್ಳಿ ಕೂಡಿಕೊಂಡ ಮೇಲೆ ಕಳೆಗೆ ಜಾಗ ಸಿಗಲಿಲ್ಲ. ಈಗ ಹಳದಿ ಹೂವಿಗೆ ಜೇನು ಬರುತ್ತದೆ. ಎಷ್ಟು ಖುಷಿ ಗೊತ್ತಾ!

ಪೂರ್ತಿ ಬಿಸಿಲು ಬೀಳುವ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲಕ್ಕೆ ಗರಿಕೆ. ನೆರಳಲ್ಲಿ ಅದು ಬಾರದು. ಬೇಸಗೆಯಲ್ಲಿ ಒಣಗಿದಂತೆ ಕಂಡರೂ ಬೇರು ಜೀವ ಹಿಡಿದಿರುತ್ತದೆ, ಮಳೆ ಬಿದ್ದರೆ ಚಿಗುರುತ್ತದೆ.

ಅಡುಗೆಮನೆಯ ಹಿಂದಿನ ತಂಪು ಮೂಲೆ ಒಂದೆಲಗದ್ದು. ಅಕ್ಕಿ ತೊಳೆದ ನೀರು ಅದಕ್ಕೆ ಸಾಕು. ಅಮ್ಮ ಅಲ್ಲಿಂದಲೇ ಕೊಯ್ದು ತಂಬುಳಿ ಮಾಡುತ್ತಾರೆ. "ಈ ಲಾನ್ ಆದರೆ ಊಟಕ್ಕೂ ಆಯ್ತಲ್ಲ ಮಗಾ" ಎಂದರು.

ನರ್ಸರಿಯಲ್ಲಿ ವೆಡೇಲಿಯಾ ಎಂಬ ನೆಲದಲ್ಲಿ ಹಬ್ಬುವ ಗಿಡ ಕೊಡುತ್ತೇವೆ ಅಂದಿದ್ದರು. ಬೇಡ ಅಂದೆ. ನೀರಿಲ್ಲದೆಯೂ ಹಬ್ಬುತ್ತದೆ, ನಿಜ. ಆದರೆ ತೋಡಿನ ಬದಿಗೆ, ತೋಟಕ್ಕೆ ಓಡಿ ಬೇರೆ ಗಿಡಗಳನ್ನು ಮುಚ್ಚಿಬಿಡುತ್ತದೆ. ಲೋಕದ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ದಯವಿಟ್ಟು ಯಾರೂ ನೆಡಬೇಡಿ.

ಪೊದೆ ದಪ್ಪವಾದರೆ ಹಾವಿನ ಭಯ ಇರುತ್ತದೆ, ಅಲ್ವಾ? ಅದಕ್ಕೆ ಬಾಗಿಲಿನಿಂದ ಬಾವಿಕಟ್ಟೆಯವರೆಗೆ ಮುರಕಲ್ಲು ಹಾಸಿದ ಅಗಲ ದಾರಿ ಬಿಟ್ಟಿದ್ದೇನೆ. ದಾರಿಯ ಅಂಚಿನ ಪಿಂಟೋವನ್ನು ಕತ್ತಿಯಿಂದ ಸವರುತ್ತೇನೆ.

ಹಿಂಗಾರು ನಿಂತ ಮೇಲೆ ಪಿಂಟೋಕ್ಕೂ ಗರಿಕೆಗೂ ನೀರು ಬಿಟ್ಟಿಲ್ಲ. ಪಡುವಣ ಬಿಸಿಲು ಬೀಳುವ ಕಡೆ ಪಿಂಟೋ ಎಲೆ ಉದುರಿಸುತ್ತಿದೆ, ಕಾಂಡ ಹಸಿರಾಗಿಯೇ ಇದೆ. ಏಪ್ರಿಲ್‌ನಲ್ಲೂ ಹಾಗೇ ಬಿಟ್ಟು ನೋಡುತ್ತೇನೆ. ಅಲ್ಲಿ ಬಳ್ಳಿ ಸತ್ತರೆ ಮುಂದಿನ ಜೂನ್‌ನಲ್ಲಿ ಆ ತುಂಡು ಜಾಗ ಗರಿಕೆಗೆ.