ಚಾಲೆಂಜರ್ ಕಾನ್ಸೆಪ್ಟ್ 1:25 ಮಾಡೆಲ್: ಬಾಡಿ ರೆಡಿ, ಈಗ ಬಣ್ಣದ ಕಾಟ

ಅಂತೂ ಇಂತೂ ನನ್ನ ಪುಟಾಣಿ ಕಾರಿನ (1:25 ಅಂದ್ರೆ ನಿಜವಾದ ಕಾರಿನ ಇಪ್ಪತ್ತೈದನೇ ಒಂದು ಪಾಲು) ಬಾಡಿ 3ಡಿ ಪ್ರಿಂಟ್ ಆಗಿ ಕೈಗೆ ಬಂತು, ಪ್ರೈಮರ್ ಕೂಡ ಹೊಡೆದಾಯ್ತು. ಹೊಸದಾಗಿ ಓದ್ತಿರೋರಿಗೆ ಹೇಳ್ಬಿಡ್ತೀನಿ, ನಾನು ಮಾಡ್ತಿರೋದು 2008ರಲ್ಲಿ ಶೋರೂಮಿಗೆ ಬಂದ ಡಾಡ್ಜ್ ಚಾಲೆಂಜರ್ ಅಲ್ಲ, ಅದಕ್ಕೂ ಮುಂಚೆ 2006ರ ಜನವರಿಯಲ್ಲಿ ಡೆಟ್ರಾಯಿಟ್ ಆಟೋ ಶೋನಲ್ಲಿ ನಿಲ್ಸಿದ್ರಲ್ಲ, ಆ ಕಿತ್ತಳೆ ಬಣ್ಣದ ಕಾನ್ಸೆಪ್ಟ್ ಕಾರು, ಅಂದ್ರೆ ಮಾರೋಕಲ್ಲ, ಶೋನಲ್ಲಿ ತೋರಿಸೋಕೆ ಮಾಡಿದ ಕಾರು. ಅದೇ ಶೋನಲ್ಲಿ ಷೆವರ್ಲೆಯ ಕಮಾರೊ ಕಾನ್ಸೆಪ್ಟೂ ಇತ್ತು, ನನ್ನ ವೋಟು ಮಾತ್ರ ಯಾವಾಗ್ಲೂ ಡಾಡ್ಜ್‌ಗೇ.

ಕಾನ್ಸೆಪ್ಟೂ ಶೋರೂಮ್ ಚಾಲೆಂಜರೂ ಎರಡೂ ಒಂದೇ ತರ ಇದ್ಯಲ್ಲ ಅಂತ ಸುಮಾರು ಜನ ಕೇಳ್ತಾರೆ. ಪಕ್ಕದಿಂದ ನೋಡಿ ಸ್ವಾಮಿ! ಕಾನ್ಸೆಪ್ಟಲ್ಲಿ ಬಾಗಿಲ ಗಾಜಿಗೂ ಹಿಂದಿನ ಗಾಜಿಗೂ ಮಧ್ಯ ಕಂಬಾನೇ ಇಲ್ಲ, 1970ರ ಹಳೇ ಚಾಲೆಂಜರ್ ಹಾರ್ಡ್‌ಟಾಪ್ ಹೆಂಗಿತ್ತೋ ಹಂಗೇ. ಮಾರಾಟಕ್ಕೆ ಬರೋ ಹೊತ್ತಿಗೆ ಅಲ್ಲೊಂದು ಬಿ-ಪಿಲ್ಲರ್ ಬಂತು, ಕಪ್ಪು ಬಳಿದು ಮರೆಮಾಚಿದ್ರು ಅಷ್ಟೆ. ಫ್ಯಾಕ್ಟರಿ ಕಾರಿಗೆ ಅದು ಬೇಕೇನೋ, ನನ್ನ ಟೇಬಲ್ ಮೇಲಿನ ಕಾರಿಗೆ ಬೇಡ.

ಆದ್ರೆ ಆ ಕಂಬ ಇಲ್ದೇ ಇರೋದೇ ಪ್ರಿಂಟಿಂಗಲ್ಲಿ ತಲೆನೋವು. ಈ ಸ್ಕೇಲಲ್ಲಿ ಮುಂದಿನ ಪಿಲ್ಲರ್ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ ಅಷ್ಟೆ, ರೂಫು ಅದರ ಮೇಲೂ ಹಿಂದಿನ ಅಗಲ ಪಿಲ್ಲರ್ ಮೇಲೂ ನಿಂತಿರತ್ತೆ, ಪ್ರಿಂಟಿನ ರೆಸಿನ್ ಕ್ಯೂರ್ ಆಗ್ತಾ (ಗಟ್ಟಿಯಾಗ್ತಾ) ಮಧ್ಯಕ್ಕೆ ಜಗ್ಗತ್ತೆ. ಅದಕ್ಕೇ ಫೈಲಲ್ಲೇ ಕಿಟಕಿ ಜಾಗಕ್ಕೆ ಅಡ್ಡಡ್ಡ ಎರಡು ಪಟ್ಟಿ ಸೇರ್ಸಿದ್ದೆ, ಪೂರ್ತಿ ಕ್ಯೂರ್ ಆದ್ಮೇಲೆ ಸಣ್ಣ ಗರಗಸದಲ್ಲಿ ಕೊಯ್ದು, 400 ಆಮೇಲೆ 800ರ ವಾಟರ್ ಪೇಪರ್ ಹಾಕಿ ಉಜ್ಜಿದೆ. ರೂಫ್ ಈಗ ನೆಟ್ಟಗಿದೆ, ಸ್ಕೇಲ್ ಇಟ್ಟು ನೋಡಿದ್ರೂ ಬೆಳಕು ನುಸುಳಲ್ಲ.

ಈ ಕೆಲಸದಲ್ಲಿ ನಂಗೆ ಮಜಾ ಕೊಟ್ಟಿದ್ದು ಅಳತೆ. ಹಳೇ ಕಾರಿನ ವೀಲ್‌ಬೇಸ್ (ಮುಂದಿನ ಚಕ್ರದ ನಡುವಿಂದ ಹಿಂದಿನ ಚಕ್ರದ ನಡುವಿಗೆ ಇರೋ ದೂರ) 110 ಇಂಚು, ಕಾನ್ಸೆಪ್ಟಿಂದು 116, ಯಾಕಂದ್ರೆ ಕೆಳಗಿರೋದು ಡಾಡ್ಜ್ ಚಾರ್ಜರ್, ಕ್ರೈಸ್ಲರ್ 300 ಕಾರುಗಳ 120 ಇಂಚಿನ ಎಲ್ಎಕ್ಸ್ ಅನ್ನೋ ಪ್ಲಾಟ್‌ಫಾರ್ಮನ್ನ (ಕಾರಿನ ತಳದ ಚೌಕಟ್ಟನ್ನ) ಮೊಟಕು ಮಾಡಿದ್ದು. 1:25ಕ್ಕೆ ಇಳಿಸಿದ್ರೆ ವ್ಯತ್ಯಾಸ 6 ಮಿ.ಮೀ. ಬಂತು. ಚಕ್ರ ಅಂತೂ ಕೇಳ್ಬೇಡಿ, ಆಗ 14-15 ಇಂಚು, ಇದರಲ್ಲಿ ಮುಂದೆ 20 ಹಿಂದೆ 21. ಸುಮ್ನೆ ತಮಾಷೆಗೆ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಲ್ಲಿ ಹಳೇ ಸೈಜಿನ ಚಕ್ರ ಹಾಕಿ ನೋಡ್ದೆ, ಆನೆಗೆ ಮೇಕೆ ಕಾಲು ಜೋಡಿಸಿದಂಗಿತ್ತು. ಡಿಸೈನ್ ಮಾಡೋವಾಗ ಸ್ಟುಡಿಯೋದಲ್ಲಿ ನಿಜವಾದ 1970ರ ಕಾರನ್ನೇ ತಂದು ನಿಲ್ಸಿದ್ರಂತೆ, ಆದ್ರೂ ಅದರ ಒಂದು ಅಳತೇನೂ ಹಂಗೇ ಎತ್ತಿ ಇಟ್ಟಂಗಿಲ್ಲ, ಎಲ್ಲಾ ಉಬ್ಬಿಸಿ ಹಿಗ್ಗಿಸಿ, ಆದ್ರೂ ನೋಡಿದ ತಕ್ಷಣ ಅದೇ ಕಾರು ಅನ್ಸತ್ತೆ. ಹಿಂದಿನ ಚಕ್ರದ ಮೇಲೆ ಗೆರೆ ಎದ್ದು ಹೋಗತ್ತಲ್ಲ, ಆ ಸೊಂಟದ ತಿರುವು ಒಂದು ಸರಿ ಬಂದ್ರೆ ಸಾಕು, ಮಿಕ್ಕಿದ್ದನ್ನ ಕಣ್ಣು ತಾನೇ ತುಂಬ್ಕೊಳ್ಳತ್ತೆ. ನಾನು ಹೆಚ್ಚು ಹೊತ್ತು ಕೂತಿದ್ದೂ ಅದರ ಮೇಲೇನೇ.

ಇಂಜಿನ್ ಮಾಡ್ತಿಲ್ಲ, ಬಾನೆಟ್ ಮುಚ್ಚೇ ಇರತ್ತೆ. ನಿಜವಾದ ಕಾರಿನ ಒಳಗಿರೋ 6.1 ಲೀಟರ್ ಹೆಮಿ ಇಂಜಿನ್, 425 ಹಾರ್ಸ್‌ಪವರ್, ಮನಸಲ್ಲೇ ಇರ್ಲಿ.

ನಿಜವಾದ ಕಾನ್ಸೆಪ್ಟಲ್ಲಿ ಬಾನೆಟ್ ಮೇಲಿನ ಕಪ್ಪು ಪಟ್ಟಿಗಳು ಪೇಂಟ್ ಅಲ್ಲ. ಕಾರ್ಬನ್ ಫೈಬರ್ ಬಾನೆಟ್, ಆ ಪಟ್ಟಿ ಜಾಗದಲ್ಲಿ ಬಣ್ಣ ಹೊಡೀದೇ ನೇಯ್ಗೆ ಕಾಣೋ ಹಂಗೆ ಬಿಟ್ಟಿದ್ದಾರೆ. ಅಂಗಡೀಲಿ ಸಿಗೋ ಕಾರ್ಬನ್ ಡೆಕಾಲ್ (ಸ್ಟಿಕ್ಕರ್) ತಂದು ಅಂಟಿಸಿದ್ರೆ ಈ ಸೈಜಿಗೆ ಚಾಪೆ ತರ ಕಾಣತ್ತೆ, ಎಳೆ ಅಷ್ಟು ದಪ್ಪ. ಹಂಗಾಗಿ ಮೊದಲು ಪಟ್ಟಿಗೆ ಕಡು ಬೂದು, ಅದರ ಮೇಲೆ ತೆಳು ನೈಲಾನ್ ಬಟ್ಟೆ ಬಿಗಿಯಾಗಿ ಎಳೆದು ಹಿಡಿದು ಏರ್‌ಬ್ರಷಲ್ಲಿ ಕಪ್ಪು, ಆಮೇಲೆ ಮಾಸ್ಕಿಂಗ್ ಟೇಪ್ ಹಾಕಿ ಸುತ್ತಲೂ ಆರೆಂಜ್. ಬೇಡದ ಪ್ರಿಂಟಿನ ಮೇಲೆ ಟ್ರೈ ಮಾಡ್ದೆ, ಹತ್ರ ಹೋಗಿ ನೋಡಿದ್ರೆ ಮಾತ್ರ ನೇಯ್ಗೆ ಗೊತ್ತಾಗತ್ತೆ, ಅಷ್ಟೇ ಬೇಕಾಗಿರೋದು.

ಆರೆಂಜ್ ಮಾತ್ರ ಇನ್ನೂ ಫೈನಲ್ ಆಗಿಲ್ಲ. ಬಿಳಿ ಬೇಸ್ ಮೇಲೆ ಹೊಡೆದ್ರೆ ಫ್ಯಾಂಟಾ ಬಾಟ್ಲಿ, ಸಿಲ್ವರ್ ಬೇಸ್ ಮೇಲೆ ಸ್ವಲ್ಪ ತಾಮ್ರದ ಛಾಯೆ. ಶೋ ಫೋಟೋಗಳಲ್ಲಿ ಲೈಟ್ ಬದಲಾದಂಗೆ ಬಣ್ಣಾನೂ ಬದಲಾಗತ್ತೆ, ಯಾವುದನ್ನ ನಂಬೋದು? ಸದ್ಯಕ್ಕೆ ಸಿಲ್ವರ್ ಕಡೆ ವಾಲಿದೀನಿ. ಅದು ಒಣಗೋವರೆಗೆ ಪಿಸ್ತೂಲ್ ಹಿಡಿ ತರದ ಗೇರ್ ಲಿವರ್ ಮಾಡೋಕೆ ಕೂರ್ತೀನಿ, 5 ಮಿ.ಮೀ. ಕೂಡ ಇರಲ್ಲ ಅದು, ಆದ್ರೆ ಕಿಟಕಿ ಇಷ್ಟು ಅಗಲ ತೆರೆದಿರೋದ್ರಿಂದ ಇಲ್ದೇ ಹೋದ್ರೆ ಎದ್ದು ಕಾಣತ್ತೆ.